ಪೋರ್ಟ್ 7 ಮಾತಾಡಲಿಲ್ಲ: ಕನ್ಸೋಲ್ ಸರ್ವರ್‌ಗಳಿಗೆ ಸಿಸ್‌ಲಾಗ್ ಕಾವಲು ಹಾಕಿದ ಕಥೆ

ಜುಲೈ ತಿಂಗಳ ಒಂದು ರಾತ್ರಿ, ಹನ್ನೊಂದೂವರೆ ಗಂಟೆ. ತೀರ್ಥಹಳ್ಳಿಯ ರೌಟರ್‌ಗೆ ಒಂದು ಆಕ್ಸೆಸ್ ಲಿಸ್ಟ್ (ಯಾರನ್ನು ಒಳಗೆ ಬಿಡಬೇಕು ಎಂಬ ಪಟ್ಟಿ) ಸಾಲು ಸೇರಿಸಿ ಎಂಟರ್ ಒತ್ತಿದೆ, ನನ್ನನ್ನೇ ಹೊರಗೆ ಹಾಕಿಕೊಂಡೆ. ಈ ಕಸುಬಿನಲ್ಲಿ ಇರುವವರೆಲ್ಲ ಒಂದಲ್ಲ ಒಂದು ದಿನ ಕೂತ ಕೊಂಬೆ ಕಡಿದುಕೊಂಡವರೇ. ಗಾಬರಿಯೇನೂ ಆಗಲಿಲ್ಲ, ಕನ್ಸೋಲ್ ಸರ್ವರ್ ಇಟ್ಟಿರುವುದೇ ಇದಕ್ಕಲ್ಲವೇ. 4ಜಿ ಡಾಂಗಲ್ ದಾರಿಯಲ್ಲಿ ಅದರೊಳಗೆ ಹೋಗಿ, ಪೋರ್ಟ್ 7 ತೆರೆದು, ಎಂಟರ್ ಒತ್ತಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಕರ್ಸರ್ ಮಾತ್ರ ಮಿಣಮಿಣ ಅನ್ನುತ್ತಿತ್ತು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಮಂಡಗದ್ದೆ ದಾಟುವಾಗ ವೈಪರ್ ಎಷ್ಟು ಜೋರಾಗಿ ಆಡಿದರೂ ರಸ್ತೆ ಕಾಣದಂಥ ಮಳೆ. ಹೋಗಿ ರ‍್ಯಾಕ್ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಪೋರ್ಟ್ 7ರ ನೀಲಿ ಕೇಬಲ್ ರೌಟರ್‌ನಿಂದ ಕಳಚಿ ತೂಗಾಡುತ್ತಿದೆ. ಹಿಂದೆ ಯಾವಾಗಲೋ ಹೊಸ ಒಎಲ್‌ಟಿ (ಗಿರಾಕಿಗಳ ಫೈಬರ್ ಬಂದು ಸೇರುವ ಯಂತ್ರ) ಕೂರಿಸುವಾಗ ಯಾರೋ ಎಳೆದಿದ್ದಾರೆ, ಮತ್ತೆ ಚುಚ್ಚಿಲ್ಲ. ಚುಚ್ಚಿದೆ, ಆ ಸಾಲು ತೆಗೆದೆ, ಎರಡು ನಿಮಿಷದ ಕೆಲಸ. ಮನೆ ಸೇರಿದಾಗ ಬೆಳಗಿನ ನಾಲ್ಕು.

ಮರುದಿನ ಕನ್ಸೋಲ್ ಸರ್ವರ್ ಪೆಟ್ಟಿಗೆಯೊಳಗೆ ಹೋಗಿ ಈ ಕೇಬಲ್ ಯಾವತ್ತು ಕಳಚಿತು ಎಂದು ಹುಡುಕಿದೆ. ಪೆಟ್ಟಿಗೆ ಲಾಗ್ (ನಡೆದದ್ದರ ದಿನಚರಿ) ಬರೆಯುತ್ತಿತ್ತು. ಆದರೆ ಬರೆಯುತ್ತಿದ್ದದ್ದು ರ‍್ಯಾಮ್‌ನಲ್ಲಿ. ಮೂರು ದಿನದ ಹಿಂದೆ ಕರೆಂಟ್ ಹೋಗಿ, ಇನ್ವರ್ಟರ್ ಬ್ಯಾಟರಿಯೂ ಖಾಲಿಯಾಗಿ ಅದು ರೀಬೂಟ್ ಆಗಿದೆ. ಅದರ ನೆನಪು ಅಲ್ಲಿಂದಲೇ ಶುರು.

ಎಲ್ಲ ಪೆಟ್ಟಿಗೆಗಳ ಲಾಗನ್ನು ಸಿಸ್‌ಲಾಗ್ ಮೂಲಕ ಒಂದೆಡೆ ಸೇರಿಸುವ ಈ ಕೆಲಸ ಅವತ್ತೇ ಹಿಡಿದದ್ದು.

ಗೊತ್ತಿಲ್ಲದವರಿಗೆ ಎರಡು ಮಾತು. ರೌಟರ್, ಸ್ವಿಚ್‌ಗಳಿಗೆಲ್ಲ ಒಂದು ಸೀರಿಯಲ್ ಕನ್ಸೋಲ್ ಪೋರ್ಟ್ ಇರುತ್ತದೆ. ನೆಟ್‌ವರ್ಕ್ ಪೂರ್ತಿ ಮಲಗಿದರೂ ಅಲ್ಲಿ ಮಾತಾಡಿಸಬಹುದು. ಹತ್ತಾರು ಅಂಥ ಪೋರ್ಟ್‌ಗಳನ್ನು ಒಂದೆಡೆ ಸೇರಿಸಿ ದೂರದಿಂದ ತೆರೆಯಲು ಕೊಡುವ ಪೆಟ್ಟಿಗೆಯೇ ಕನ್ಸೋಲ್ ಸರ್ವರ್. ಉಳಿದ ದಿನ ಅದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಅದು ಕೆಟ್ಟಿದ್ದು ಗೊತ್ತಾಗುವುದು ಅದು ಬೇಕಾದ ರಾತ್ರಿಯೇ. ಸಿಸ್‌ಲಾಗ್ ಅಂದರೆ ಇಂಥ ಪೆಟ್ಟಿಗೆಗಳು ತಮ್ಮ ಲಾಗ್ ಸಾಲುಗಳನ್ನು ಇನ್ನೊಂದು ಯಂತ್ರಕ್ಕೆ ಕಳಿಸುವ ಪದ್ಧತಿ.

ನಮ್ಮದು ಸಣ್ಣ ಫೈಬರ್ ಇಂಟರ್ನೆಟ್ ಸಂಸ್ಥೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪ ಹೀಗೆ ಐದು ‘ಪಾಪ್’. ಪಾಪ್ ಅಂದರೆ ಒಂದು ಬಾಡಿಗೆ ಕೋಣೆ, ಒಂದು ರ‍್ಯಾಕ್, ಒಂದು ಇನ್ವರ್ಟರ್. ಹೆಸರಿಗೆ ತಕ್ಕ ಹಾಗೇ ಇವೆ, ಪಾಪ. ಮೂರು ಕಡೆ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ ಸೆಕೆಂಡ್ ಹ್ಯಾಂಡ್ 16 ಪೋರ್ಟ್ ಪೆಟ್ಟಿಗೆಗಳು, ಕಂಪನಿ ಹೆಸರು ಬೇಡ. ಸಾಗರ, ಕೊಪ್ಪದಲ್ಲಿ ನಾವೇ ಕಟ್ಟಿದ್ದು: ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಪವರ್ ಇರುವ ಯುಎಸ್‌ಬಿ ಹಬ್, ಅದಕ್ಕೆ ಸಾಲಾಗಿ ಯುಎಸ್‌ಬಿ-ಸೀರಿಯಲ್ ಕೇಬಲ್‌ಗಳು. ಸೌಮ್ಯವಾಗಿ ಹೇಳುವುದಾದರೆ ನೋಡಲು ಚೆನ್ನಾಗಿಲ್ಲ.

ಮಧ್ಯದ ಲಾಗ್ ಸರ್ವರ್‌ಗೆ ಶಿವಮೊಗ್ಗ ಆಫೀಸಿನ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್ ಒರೆಸಿ, ಎರಡು ಡಿಸ್ಕ್ ಮಿರರ್ ಮಾಡಿ, ಡೆಬಿಯನ್ ಲಿನಕ್ಸ್ ಮತ್ತು ಸಿಸ್‌ಲಾಗ್ ಸ್ವೀಕರಿಸುವ ಆರ್‌ಸಿಸ್‌ಲಾಗ್ ಎಂಬ ತಂತ್ರಾಂಶ ಹಾಕಿದೆ. ಐದೂ ಕಡೆಯ ಪೆಟ್ಟಿಗೆಗಳಲ್ಲಿ ರಿಮೋಟ್ ಸಿಸ್‌ಲಾಗ್ ಎಂಬ ಜಾಗದಲ್ಲಿ ಇದರ ಐಪಿ ಬರೆದೆ. ಸಂಜೆಯೊಳಗೆ ಸಾಲುಗಳು ಬರತೊಡಗಿದವು. ಕೆಲಸ ಮುಗಿಯಿತು ಅಂದುಕೊಂಡು ಚಹಾ ಕುಡಿಯಲು ಹೋದೆ.

ವಾಪಸ್ ಬಂದು ನೋಡಿದರೆ ಐದು ಪೆಟ್ಟಿಗೆಗಳಿಗೆ ಮೂರೇ ಕಡತ. ಹೋಸ್ಟ್‌ನೇಮ್ ನೋಡಿ ಕಡತ ಬೇರೆ ಮಾಡಲು ಹೇಳಿದ್ದೆ. ಮೂರು ಹಳೇ ಪೆಟ್ಟಿಗೆಗಳೂ ಕಾರ್ಖಾನೆಯಿಂದ ಬಂದ ಒಂದೇ ಹೆಸರಿನಲ್ಲಿ ಮಾತಾಡುತ್ತಿದ್ದವು. ಮೆಸೇಜ್ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಹೆಸರನ್ನು ಬಿಟ್ಟು, ಪ್ಯಾಕೆಟ್ ನಿಜವಾಗಿ ಬಂದ ಐಪಿಯನ್ನು ಹಿಡಿಯುವಂತೆ ಬದಲಿಸಿದೆ. ಹೆಸರನ್ನೂ ಆಮೇಲೆ ಸರಿಮಾಡಿದೆ.

ಮುಂದಿನ ತಲೆನೋವು ಸಮಯದ್ದು, ಇದು ನಿಜಕ್ಕೂ ಎರಡು ದಿನ ತಿಂದಿತು. ಸಿಸ್‌ಲಾಗ್ 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಅವರು ಸೆಂಡ್‌ಮೇಲ್ ಎಂಬ ಇ-ಮೇಲ್ ಸಾಗಿಸುವ ತಂತ್ರಾಂಶಕ್ಕಾಗಿ ಬರೆದದ್ದು. ಜನ ಅದನ್ನು ಹೇಗೆ ಬಳಸುತ್ತಿದ್ದಾರೆಂದು 2001ರಲ್ಲಿ ಆರ್‌ಎಫ್‌ಸಿ 3164 (ಇಂಟರ್ನೆಟ್ ಪದ್ಧತಿಗಳ ದಾಖಲೆ ಸರಣಿಯಲ್ಲೊಂದು) ದಾಖಲಿಸಿತು, 2009ರಲ್ಲಿ ಆರ್‌ಎಫ್‌ಸಿ 5424 ಸರಿಯಾದ ಮಾನಕ ಕೊಟ್ಟಿತು. ನಮ್ಮ ಹಳೇ ಪೆಟ್ಟಿಗೆಗಳು ಇನ್ನೂ ಮೊದಲನೆಯ ಶೈಲಿಯವು. ಆ ಶೈಲಿಯ ಸಮಯದಲ್ಲಿ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಇರುತ್ತದೆ. ಇಸವಿ ಇಲ್ಲ, ಟೈಮ್‌ಝೋನ್ ಇಲ್ಲ. ಹೊಸನಗರದ ಪೆಟ್ಟಿಗೆ ಯುಟಿಸಿ ಎಂಬ ವಿಶ್ವ ಸಮಯದಲ್ಲಿತ್ತು, ಆದ್ದರಿಂದ ಅಲ್ಲಿ ನಡೆದದ್ದೆಲ್ಲ ಐದೂವರೆ ಗಂಟೆ ಹಿಂದೆಯೇ ನಡೆದಂತೆ ಕಾಣುತ್ತಿತ್ತು. ಸಂಜೆ ಏಳಕ್ಕೆ ನಾನೇ ಮಾಡಿದ ಲಾಗಿನ್ ಮಧ್ಯಾಹ್ನ ಒಂದೂವರೆಗೆ ಆಗಿದೆ ಎಂದು ತೋರಿಸಿದಾಗ, ಊಟಕ್ಕೆ ಹೋಗಿದ್ದ ನನ್ನ ಸಹೋದ್ಯೋಗಿಯ ಮೇಲೆ ಅರ್ಧ ಗಂಟೆ ಅನುಮಾನಪಟ್ಟೆ. ಪೈಗಳ ಕಥೆ ಇನ್ನೊಂದು ಥರ. ಪೈ 5ಕ್ಕೆ ಮುಂಚಿನ ಮಾದರಿಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ. ಕರೆಂಟ್ ಹೋಗಿ ಬಂದರೆ ಕೊನೆಗೆ ಉಳಿಸಿಟ್ಟ ಸಮಯದಿಂದ ಲೆಕ್ಕ ಶುರುಮಾಡುತ್ತವೆ, ನೆಟ್‌ವರ್ಕ್ ಸಿಕ್ಕಿ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಪದ್ಧತಿ) ಸರಿಮಾಡುವ ತನಕ ಬರೆದದ್ದೆಲ್ಲ ಸುಳ್ಳು ಹೊತ್ತು. ನೆಟ್‌ವರ್ಕ್ ಇಲ್ಲದ ಹೊತ್ತಿನ ಲಾಗೇ ನನಗೆ ಬೇಕಾಗಿರುವುದು! ಎರಡಕ್ಕೂ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿದೆ. ಐ2ಸಿ ತಂತಿಗಳು, ಒಂದು ಬಟನ್ ಸೆಲ್, ಕಾನ್ಫಿಗ್‌ನಲ್ಲಿ ಒಂದು ಸಾಲು. ಜೊತೆಗೆ ಲಾಗ್ ಸರ್ವರ್‌ನಲ್ಲಿ ಪ್ರತಿ ಸಾಲಿಗೂ ಎರಡು ಸಮಯ ಬರೆಸಿದೆ: ಕಳಿಸಿದವರು ಹೇಳಿದ್ದು, ನಮಗೆ ತಲುಪಿದ್ದು. ಇವೆರಡರ ನಡುವಿನ ಅಂತರವೇ ಎಷ್ಟೋ ಸಲ ಮೆಸೇಜ್‌ಗಿಂತ ಹೆಚ್ಚು ಹೇಳುತ್ತದೆ.

ಎನ್‌ಟಿಪಿ ಎಲ್ಲಿಂದ ಎಂಬುದಕ್ಕೆ ನಮ್ಮಲ್ಲಿ ಆಯ್ಕೆ ಹೆಚ್ಚಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಗಡಿಯಾರಗಳು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಕನ್ಸೋಲ್ ಸರ್ವರ್‌ಗಳ ಲಾಗ್ ಕುಗ್ಗಿಸಿದರೆ ಆರು ತಿಂಗಳದ್ದೂ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಇದಕ್ಕೆ ಅಳುವುದರಲ್ಲಿ ಅರ್ಥವಿಲ್ಲ.

ಆಗಸ್ಟ್ ಮೊದಲ ವಾರ ಸಾಗರದ ಲಿಂಕ್ ನಲವತ್ತು ನಿಮಿಷ ಬಿದ್ದಿತು. ಎದ್ದ ಮೇಲೆ ಲಾಗ್ ತೆರೆದರೆ ಸರಿಯಾಗಿ ಆ ನಲವತ್ತು ನಿಮಿಷವೇ ಖಾಲಿ. ಆಗಲೇಬೇಕಲ್ಲ: ಯುಡಿಪಿ ಎಂಬ ಸಾಗಣೆ ವಿಧಾನದಲ್ಲಿ, ಪೋರ್ಟ್ 514ಕ್ಕೆ ಕಳಿಸುತ್ತಿದ್ದೇವೆ, ತಲುಪಿತೋ ಇಲ್ಲವೋ ಎಂದು ಅದು ತಿರುಗಿ ನೋಡುವುದಿಲ್ಲ, ಹೋಗುವ ದಾರಿಯೂ ಬಿದ್ದ ಲಿಂಕೇ. ಊರಿಗೆ ಬೆಂಕಿ ಬಿದ್ದ ಸುದ್ದಿಯನ್ನು ಅದೇ ಊರಿನ ಅಂಚೆಗೆ ಹಾಕಿದ ಹಾಗೆ.

ತಲುಪಿತೇ ಎಂದು ವಿಚಾರಿಸುವ ಟಿಸಿಪಿಗೆ ಬದಲಿಸಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಸಾಲದು. ಸಂಪರ್ಕ ಕಡಿಯುವ ಕ್ಷಣದಲ್ಲಿ ಕಳಿಸಿದವನ ಬಫರ್‌ನಲ್ಲಿದ್ದ ಕೆಲವು ಸಾಲುಗಳು ತಲುಪದೆ ಹೋಗಿರುತ್ತವೆ, ಆದರೆ ಕಳಿಸಿದವನು ತಲುಪಿದವು ಅಂದುಕೊಂಡಿರುತ್ತಾನೆ. ಇದಕ್ಕಾಗಿಯೇ ಆರ್‌ಸಿಸ್‌ಲಾಗ್‌ನವರು ಮಾಡಿದ ರೆಲ್ಪ್ ಎಂಬ ಪ್ರೋಟೋಕಾಲ್ ಇದೆ, ಅದರಲ್ಲಿ ಪ್ರತಿ ಮೆಸೇಜ್‌ಗೂ ಸ್ವೀಕೃತಿ ಬರಬೇಕು. ಅದನ್ನು ಪೈಗಳಲ್ಲಿ ಹಾಕಿ, ಸ್ವೀಕೃತಿ ಬರುವ ತನಕ ಡಿಸ್ಕ್‌ನಲ್ಲಿ ಸಾಲು ನಿಲ್ಲಿಸುವ ಕ್ಯೂ ಕೊಟ್ಟು, ಎಷ್ಟು ಸಲ ಸೋತರೂ ಮತ್ತೆ ಪ್ರಯತ್ನಿಸು ಎಂದೆ. ಹಳೇ ಪೆಟ್ಟಿಗೆಗಳಿಗೆ ಯುಡಿಪಿ ಬಿಟ್ಟು ಬೇರೆ ಗೊತ್ತಿಲ್ಲ. ಆದ್ದರಿಂದ ಆ ಮೂರು ಕಡೆಯೂ ಪಕ್ಕದಲ್ಲೊಂದು ಪೈ ಇಟ್ಟೆ. ಪೆಟ್ಟಿಗೆ ಅದೇ ರ‍್ಯಾಕ್‌ನ ಪೈಗೆ ಯುಡಿಪಿಯಲ್ಲಿ ಹೇಳುತ್ತದೆ, ಪೈ ಅದನ್ನು ಉಳಿಸಿಕೊಂಡು ಶಿವಮೊಗ್ಗಕ್ಕೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದೊಳಗೆ ರೆಲ್ಪ್‌ನಲ್ಲಿ ಕಳಿಸುತ್ತದೆ. ಫೈಬರ್ ಹೋದರೆ ಸುರಂಗ 4ಜಿ ಮೇಲೆ ಏಳುತ್ತದೆ. ಸುರಂಗ ಯಾಕೆಂದರೆ ಸಾದಾ ಸಿಸ್‌ಲಾಗ್ ಬಿಚ್ಚುಪತ್ರ, ಯಾರು ಬೇಕಾದರೂ ಓದಬಹುದು, ಯಾರ ಹೆಸರಿನಲ್ಲಿ ಬೇಕಾದರೂ ಬರೆಯಬಹುದು.

ಹೀಗೆ ಮಾಡಿದ ಮರುಕ್ಷಣವೇ ನನ್ನ ಹಳೇ ಜಾಣತನ ತಿರುಗಿ ಹೊಡೆಯಿತು. ಈಗ ಪ್ಯಾಕೆಟ್ ಬರುವ ಐಪಿ ಪೈಯದ್ದು! ಪೆಟ್ಟಿಗೆಯ ಮೆಸೇಜ್‌ಗಳೆಲ್ಲ ಪೈ ಹೆಸರಿನ ಕಡತಕ್ಕೆ ಬಿದ್ದವು. ಕೊನೆಗೆ ಪೈಯಲ್ಲೇ ಟೆಂಪ್ಲೇಟ್ ಬರೆದು, ತಾನು ಕಂಡ ಮೂಲ ಐಪಿಯನ್ನು ಹೋಸ್ಟ್‌ನೇಮ್ ಜಾಗದಲ್ಲಿ ತುಂಬಿ ಕಳಿಸುವ ಹಾಗೆ ಮಾಡಿದೆ.

ಇಷ್ಟಾದ ಮೇಲೆ ಓದುವ ಕೆಲಸ. ಪ್ರತಿ ಮೆಸೇಜ್ ತಲೆಯಲ್ಲಿ ಕೋನದ ಆವರಣದೊಳಗೆ ಒಂದು ಸಂಖ್ಯೆ ಇರುತ್ತದೆ. ಯಾವ ವಿಭಾಗ ಎಂಬ ಅಂಕಿಯನ್ನು 8ರಿಂದ ಗುಣಿಸಿ, ಎಷ್ಟು ಗಂಭೀರ ಎಂಬ 0ಯಿಂದ 7ರವರೆಗಿನ ಅಂಕಿ (ಸಣ್ಣದಾದಷ್ಟೂ ಹೆಚ್ಚು ಗಂಭೀರ) ಕೂಡಿಸಿದ್ದು. 189 ಕಂಡರೆ 23 ಎಂಟ್ಲ 184, ಉಳಿದ 5: ಲೋಕಲ್7 ವಿಭಾಗ, ನೋಟಿಸ್ ದರ್ಜೆ. ಗಂಭೀರತೆ ನೋಡಿ ಅಲಾರಂ ಇಟ್ಟರೆ ಆಯಿತಲ್ಲ ಎಂದು ಮೊದಲು 0ಯಿಂದ 3ರವರೆಗಿನದಕ್ಕೆ ಮಾತ್ರ ಫೋನ್‌ಗೆ ಬರುವಂತೆ ಮಾಡಿದ್ದೆ. ಒಂದು ವಾರ ಫೋನ್ ಶಾಂತ. ಆಮೇಲೆ ಗೊತ್ತಾಯಿತು: ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ತಪ್ಪಿದ್ದೂ 38, ಸರಿಯಾಗಿ ಒಳಗೆ ಬಂದದ್ದೂ 38. ಎರಡೂ ಆಥ್ ವಿಭಾಗದ (4) ಇನ್ಫೋ ದರ್ಜೆ (6). ಕಳ್ಳ ಬಾಗಿಲು ಬಡಿದದ್ದೂ ಯಜಮಾನ ಒಳಗೆ ಬಂದದ್ದೂ ಒಂದೇ ದರ್ಜೆ. ಹಾಗಾಗಿ ಸಂಖ್ಯೆ ಬಿಟ್ಟು ಮಾತು ಹಿಡಿಯಬೇಕು.

ನಾನು ಹಿಡಿದ ಮಾತುಗಳು ಬೆರಳೆಣಿಕೆಯಷ್ಟು. ಯಾರೇ ಲಾಗಿನ್ ಆಗಲಿ, ಯಾವ ಹೊತ್ತಾದರೂ, ಮೆಸೇಜ್ ನಮ್ಮ ಗುಂಪಿಗೆ ಹೋಗುತ್ತದೆ. ಕನ್ಸೋಲ್ ಸರ್ವರ್‌ ಒಳಗೆ ಬಂದವನ ಕೈಯಲ್ಲಿ ಇಡೀ ಪಾಪ್‌ನ ಬೀಗದಕೈ ಗೊಂಚಲು ಇದ್ದಂತೆ. “ನಾನು ಬಾತ್‌ರೂಮಿಗೆ ಹೋದರೂ ಗುಂಪಿಗೆ ಹಾಕ್ತೀರಾ ಸಾರ್?” ಎಂದು ನಮ್ಮ ಹುಡುಗ ಕೇಳಿದ. ಅಲ್ಲಿ ಕನ್ಸೋಲ್ ಪೋರ್ಟ್ ಇದ್ದರೆ ಹಾಕ್ತೀನಿ ಮಾರಾಯ ಎಂದೆ. ಪೆಟ್ಟಿಗೆ ರೀಬೂಟ್ ಆದದ್ದು, ಆಚೆ ತುದಿಯಲ್ಲಿ ಸಾಧನ ಇದೆ ಎಂದು ಹೇಳುವ ಪೋರ್ಟ್‌ನ ಡಿಎಸ್‌ಆರ್ ಅಥವಾ ಡಿಸಿಡಿ ಸಿಗ್ನಲ್ ಬಿದ್ದದ್ದು, ಪೈಗಳಲ್ಲಿ ‘ಯುಎಸ್‌ಬಿ ಡಿಸ್‌ಕನೆಕ್ಟ್’ ಮತ್ತು ‘ಅಂಡರ್‌ವೋಲ್ಟೇಜ್ ಡಿಟೆಕ್ಟೆಡ್’ (ವೋಲ್ಟೇಜ್ ಸಾಲದು) ಎಂಬ ಕರ್ನೆಲ್ ಸಾಲುಗಳು, ಇಷ್ಟೇ.

ಆ ಯುಎಸ್‌ಬಿ ಸಾಲು ಹಿಡಿದದ್ದಕ್ಕೆ ಮೊದಲ ವಾರವೇ ಫಲ ಸಿಕ್ಕಿತು. ಕೊಪ್ಪದಲ್ಲಿ ಸಿಡಿಲಿನ ಸಂಜೆ ಹಬ್ ಒಮ್ಮೆ ತೊದಲಿತು. ಕೇಬಲ್‌ಗಳೆಲ್ಲ ಬಿಟ್ಟು ಮತ್ತೆ ಸೇರಿಕೊಂಡವು. ಸೇರಿದ ಸಾಲು ಓದಿದರೆ ಯುಎಸ್‌ಬಿ-0 ಆಗಿದ್ದ ಕೇಬಲ್ ಈಗ ಯುಎಸ್‌ಬಿ-3, 3 ಆಗಿದ್ದದ್ದು 0. ಅಂದರೆ ‘ಕೋರ್ ರೌಟರ್’ ಎಂದು ತೆರೆದರೆ ಗಿರಾಕಿಗಳ ಸ್ವಿಚ್ ತೆರೆದುಕೊಳ್ಳುತ್ತದೆ. ಅವಸರದ ರಾತ್ರಿಯಲ್ಲಿ ಅದನ್ನು ಗಮನಿಸದೆ ರೀಲೋಡ್ (ರೀಬೂಟ್ ಆಜ್ಞೆ) ಕೊಟ್ಟಿದ್ದರೆ? ಎಫ್‌ಟಿಡಿಐ ಚಿಪ್ಪಿನ ಕೇಬಲ್‌ಗಳಿಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಹಿಡಿದು ಲಿನಕ್ಸ್‌ನಲ್ಲಿ ಸಾಧನಗಳಿಗೆ ಹೆಸರಿಡುವ ಯುಡೆವ್‌ನಲ್ಲಿ ಶಾಶ್ವತ ಹೆಸರು ಕೊಡಬಹುದು. ನಮ್ಮ ಅಗ್ಗದ ಸಿಎಚ್340 ಕೇಬಲ್‌ಗಳಿಗೆ ಆ ನಂಬರೂ ಇಲ್ಲ. ಅವಕ್ಕೆ ಹಬ್‌ನ ಎಷ್ಟನೇ ತೂತು ಎಂಬುದನ್ನೇ ಗುರುತು ಮಾಡಿ, ತೂತಿನ ಪಕ್ಕ ಬಿಳಿ ಬಣ್ಣದಲ್ಲಿ ಅಂಕಿ ಬರೆದೆ. ಹಬ್ ಮತ್ತು ಪೈ ನಡುವೆ ಎಡಿಯುಎಂ3160 ಚಿಪ್ಪಿನ ಐಸೊಲೇಟರ್ (ಎರಡರ ವಿದ್ಯುತ್ ಸಂಪರ್ಕ ಬೇರ್ಪಡಿಸುವ ಸಾಧನ) ಕೂಡ ಸೇರಿಸಿದೆ. ವೇಗ 12 ಮೆಗಾಬಿಟ್‌ಗೆ ಇಳಿಯುತ್ತದೆ, 9600 ಬಾಡ್ ಕನ್ಸೋಲ್‌ಗಳಿಗೆ ಅದು ಧಾರಾಳವಾಯಿತು.

ಎಲ್ಲಕ್ಕಿಂತ ಮಜಾ ಸಾಗರದ್ದು. ಒಂದು ಬೆಳಿಗ್ಗೆ ಅಲ್ಲಿಯ ಕಡತದಲ್ಲಿ ಒಂದೇ ರಾತ್ರಿಗೆ ಸಾವಿರಾರು ‘ಫೇಲ್ಡ್ ಲಾಗಿನ್’. ಯಾರೋ ಒಳನುಗ್ಗುತ್ತಿದ್ದಾರೆ ಎಂದು ಎದೆ ಝಲ್ಲೆಂದಿತು. ನೋಡಿದರೆ ಹೊರಗಿನಿಂದಲ್ಲ, ಸೀರಿಯಲ್ ಕೇಬಲ್‌ನಿಂದಲೇ. ಪರೀಕ್ಷೆಗೆಂದು ಯಾರೋ (ನಾನೇ) ಪೈಯ ಆ ಸೀರಿಯಲ್ ಪೋರ್ಟ್‌ನಲ್ಲಿ ಲಾಗಿನ್ ಕೇಳುವ ಗೆಟ್ಟಿ ಎಂಬ ಪ್ರೋಗ್ರಾಂ ಶುರುಮಾಡಿ ಮರೆತಿದ್ದರು. ಸ್ವಿಚ್ ‘ಯೂಸರ್‌ನೇಮ್?’ ಅನ್ನುತ್ತದೆ, ಪೈ ಅದನ್ನೇ ಹೆಸರೆಂದು ತಿಳಿದು ‘ಪಾಸ್‌ವರ್ಡ್?’ ಅನ್ನುತ್ತದೆ, ಸ್ವಿಚ್ ಅದನ್ನು ತನಗೆ ಕೊಟ್ಟ ಹೆಸರು ಅಂದುಕೊಳ್ಳುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ, ರಾತ್ರಿಯಿಡೀ. ಗೆಟ್ಟಿ ನಿಲ್ಲಿಸಿ, ಮತ್ತೆಂದೂ ಏಳದಂತೆ ಮಾಸ್ಕ್ ಮಾಡಿದೆ.

ಅದೇ ಕಡತ ಸೋಸುವಾಗ ಇನ್ನೊಂದು ಕಂಡಿತು. ‘ಇನ್‌ವ್ಯಾಲಿಡ್ ಯೂಸರ್’ ಎಂಬ ಸಾಲಿನಲ್ಲಿ ಹೆಸರಿನ ಜಾಗದಲ್ಲಿ ನಮ್ಮ ಒಂದು ಪಾಸ್‌ವರ್ಡ್ ಬಿಚ್ಚಿಟ್ಟ ಹಾಗಿದೆ. ಅವಸರದಲ್ಲಿ ಹೆಸರು ಕೇಳಿದಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಹೀಗೇ ಆಗುವುದು, ಲಾಗ್ ಅದನ್ನು ನಿಷ್ಠೆಯಿಂದ ಬರೆದಿಡುತ್ತದೆ. ಪಾಸ್‌ವರ್ಡ್ ಬದಲಿಸಿ, ಲಾಗ್ ಡೈರೆಕ್ಟರಿಯನ್ನು ಇಬ್ಬರು ಮಾತ್ರ ಓದುವಂತೆ ಮುಚ್ಚಿದೆ. ಪೋರ್ಟ್‌ಗಳಲ್ಲಿ ಹರಿಯುವ ಅಕ್ಷರಗಳನ್ನೆಲ್ಲ ಸಿಸ್‌ಲಾಗ್‌ಗೆ ಕಳಿಸುವ ಸೌಲಭ್ಯವನ್ನು ಪೆಟ್ಟಿಗೆ ಕೊಡುತ್ತದೆ. ಅದನ್ನು ಇದೇ ಕಾರಣಕ್ಕೆ ಅರ್ಧ ದಿನದಲ್ಲೇ ಆರಿಸಿದೆ.

ಆದರೆ ಇಷ್ಟೆಲ್ಲ ಕಟ್ಟಿದ ಮೇಲೂ ನನ್ನನ್ನು ತೀರ್ಥಹಳ್ಳಿಗೆ ಓಡಿಸಿದ ಮೂಲ ರೋಗಕ್ಕೆ ಮದ್ದು ಸಿಕ್ಕಿರಲಿಲ್ಲ. ಲಾಗ್ ಸರ್ವರ್ ಬರುವ ಮೆಸೇಜ್‌ಗಳನ್ನು ನೋಡುತ್ತದೆ. ಕಳಚಿದ ಕೇಬಲ್ ಏನೂ ಹೇಳುವುದಿಲ್ಲ. ಡಿಎಸ್‌ಆರ್ ತಂತಿ ಇರುವ ಕೇಬಲ್ ಆದರೆ ಸಿಗ್ನಲ್ ಬಿದ್ದದ್ದು ಗೊತ್ತಾಗುತ್ತದೆ. ನಮ್ಮಲ್ಲಿ ಅರ್ಧಕ್ಕರ್ಧ ಕೈಯಲ್ಲಿ ಕ್ರಿಂಪ್ ಮಾಡಿದ ಮೂರು ತಂತಿಯವು, ಅವು ಇದ್ದರೂ ಒಂದೇ ಬಿಟ್ಟರೂ ಒಂದೇ.

ಪೈಗಳಿಗೆ ಆರ್‌ಸಿಸ್‌ಲಾಗ್‌ನ ಮಾರ್ಕ್ ಮಾಡ್ಯೂಲ್ ಹಾಕಿದೆ, 20 ನಿಮಿಷಕ್ಕೊಮ್ಮೆ ‘ಮಾರ್ಕ್’ ಎಂಬ ಒಂದು ಸಾಲು ಬರುತ್ತದೆ. ಎರಡು ಸಲ ತಪ್ಪಿ 45 ನಿಮಿಷವಾದರೆ ಫೋನ್ ಕೂಗುತ್ತದೆ. ಹಳೇ ಪೆಟ್ಟಿಗೆಗಳಿಗೆ ಆ ಸೌಲಭ್ಯ ಇಲ್ಲ. ಅದಕ್ಕೆ ‘ತಟ್ಟು’ ಎಂಬ ಒಂದು ಬಡ ಅಕೌಂಟ್ ಮಾಡಿ, ಪಕ್ಕದ ಪೈ ಅರ್ಧ ಗಂಟೆಗೊಮ್ಮೆ ಅದರಲ್ಲಿ ಲಾಗಿನ್ ಆಗಿ ಹೊರಬರುವಂತೆ ಮಾಡಿದೆ. ಪೆಟ್ಟಿಗೆ ತಾನಾಗಿ ‘ತಟ್ಟು ಬಂದ, ತಟ್ಟು ಹೋದ’ ಎಂದು ಸಿಸ್‌ಲಾಗ್ ಕಳಿಸುತ್ತದೆ. ಆ ಸಾಲು ಶಿವಮೊಗ್ಗಕ್ಕೆ ಬಂದರೆ ಲಾಗಿನ್ ನಡೆಯುತ್ತಿದೆ, ಪೆಟ್ಟಿಗೆ ಬರೆಯುತ್ತಿದೆ, ಪೈ ಸಾಗಿಸುತ್ತಿದೆ, ದಾರಿ ತೆರೆದಿದೆ, ನಾಲ್ಕೂ ಒಟ್ಟಿಗೆ ಖಾತ್ರಿ. ಈ ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆಯೇ.

ಅದೇ ಅಕೌಂಟ್ ಬೆಳಗಿನ ಜಾವ ಮೂರೂವರೆಗೆ ಪ್ರತಿ ಪೋರ್ಟ್ ತೆರೆದು, ಒಂದು ಎಂಟರ್ ಒತ್ತಿ, ಐದು ಸೆಕೆಂಡ್ ಕಾಯುತ್ತದೆ. ಒಂದಾದರೂ ಓದುವಂಥ ಅಕ್ಷರ ಬಂದರೆ ‘ಇದ್ದೀನಿ’, ಕಸ ಬಂದರೆ ‘ತೊದಲು’, ಏನೂ ಬರದಿದ್ದರೆ ‘ಮೌನ’ ಎಂದು ಸಿಸ್‌ಲಾಗ್‌ಗೆ ಬರೆಯುತ್ತದೆ. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಎಂಟರ್ ನಿರುಪದ್ರವಿ ಅಲ್ಲ. ಯಾರಾದರೂ ಸಿಸ್ಕೊ ರೌಟರ್‌ನಲ್ಲಿ ರೀಲೋಡ್ ಎಂದು ಹೊಡೆದು, ‘ಕನ್‌ಫರ್ಮ್’ ಎಂದು ಅದು ಕೇಳುತ್ತಿರುವಾಗ ಎದ್ದು ಹೋಗಿದ್ದರೆ, ನನ್ನ ಒಂದು ಎಂಟರ್ ರೌಟರನ್ನೇ ಮಲಗಿಸುತ್ತದೆ. ಆದ್ದರಿಂದ ತಟ್ಟುವ ಮುಂಚೆ ಸ್ಕ್ರಿಪ್ಟ್ ಅದೇ ಲಾಗ್ ಓದುತ್ತದೆ: ಹಿಂದಿನ ನಾಲ್ಕು ಗಂಟೆಯಲ್ಲಿ ಈ ಪೋರ್ಟ್‌ಗೆ ಮನುಷ್ಯರು ಬಂದಿದ್ದರೆ ತಟ್ಟುವುದಿಲ್ಲ. ಎಲ್ಲ ರೌಟರ್‌ಗಳಲ್ಲೂ ಕನ್ಸೋಲ್ ಹತ್ತು ನಿಮಿಷ ಸುಮ್ಮನಿದ್ದರೆ ತಾನೇ ಲಾಗೌಟ್ ಆಗುವ ಸೆಟ್ಟಿಂಗ್ ಯಾರೂ ಆರಿಸಿಲ್ಲವೇ ಎಂದೂ ನೋಡಿದೆ. ಎರಡರಲ್ಲಿ ಆರಿಸಿದ್ದರು.

ಮೊದಲ ರಾತ್ರಿಯ ಫಲಿತಾಂಶ ನೋಡಿ ಮೈ ಬಿಸಿಯಾಯಿತು. ಬಳಕೆಯಲ್ಲಿದ್ದ 43 ಪೋರ್ಟ್‌ಗಳಲ್ಲಿ 11 ಸರಿ ಇಲ್ಲ. ನಾಲ್ಕರ ಕೇಬಲ್ ಕಳಚಿತ್ತು. ಮೂರು ತೊದಲುತ್ತಿದ್ದವು: ಸ್ವಿಚ್ ಬದಲಿಸಿದ್ದಾರೆ, ಹೊಸದರ ಕನ್ಸೋಲ್ ವೇಗ 115200 ಬಾಡ್, ಪೆಟ್ಟಿಗೆ ಇನ್ನೂ 9600ರಲ್ಲೇ ಕೇಳುತ್ತಿದೆ. ಎರಡು ಪೋರ್ಟ್ ಸುಟ್ಟಿದ್ದವು, ಬಹುಶಃ ಸಿಡಿಲು. ಇನ್ನೊಂದರ ತುದಿಯಲ್ಲಿದ್ದ ರೌಟರನ್ನು ನಾವೇ ಎಂದೋ ತೆಗೆದಿದ್ದೆವು, ಲೇಬಲ್ ಮಾತ್ರ ಅದರ ಹೆಸರು ಹೊತ್ತು ಕೂತಿತ್ತು. ಹನ್ನೊಂದನೆಯದು ಕೊಪ್ಪದ ಪೋರ್ಟ್ 4, ಅದರ ವಿಷಯಕ್ಕೆ ಬರುತ್ತೇನೆ.

ಸೆಪ್ಟೆಂಬರ್‌ನಲ್ಲಿ ಸಾಗರದ ಪೈ ದಿನಕ್ಕೆ ನಾಲ್ಕಾರು ಸಲ ಅಂಡರ್‌ವೋಲ್ಟೇಜ್ ಎಂದು ಗೊಣಗತೊಡಗಿತು. ಅದಕ್ಕೆ ಮುಂಚೆ ಒಮ್ಮೆಯೂ ಇರಲಿಲ್ಲ. ಇನ್ವರ್ಟರ್ ಹೋಯಿತೇನೋ ಎಂದು ಕೆಳಗಿನ ಅಂಗಡಿಯ ಅಜ್ಜನಿಗೆ ಫೋನ್ ಮಾಡಿ, ಒಮ್ಮೆ ಮೇಲೆ ಹೋಗಿ ನೋಡ್ತೀರಾ ಎಂದೆ.

“ಇನ್ವರ್ಟರ್ ಹಸಿರು ದೀಪ ಉಂಟು. ನಿಮ್ಮ ಹುಡುಗ ಮೊನ್ನೆ ಬಂದಿದ್ನಲ್ಲ, ಅವನ ಫೋನ್ ಚಾರ್ಜರ್ ಇಲ್ಲೇ ಮರೆತು ಹೋಗಿದಾನೆ ನೋಡಿ, ಆ ಸಣ್ಣ ಡಬ್ಬಿಗೆ ಚುಚ್ಚಿ ಬಿಟ್ಟಿದಾನೆ.”

ಪೈಯ 3 ಆಂಪಿಯರ್ ಅಡಾಪ್ಟರ್‌ನಲ್ಲಿ ಅವನ ಫೋನ್ ಬೇಗ ಚಾರ್ಜ್ ಆಗುತ್ತದಂತೆ. ತೆಗೆದುಕೊಂಡು ಹೋಗಿ, ತನ್ನದನ್ನು ಬಿಟ್ಟು ಬಂದಿದ್ದ. ಗುಂಪಿನಲ್ಲಿ ಲಾಗ್ ಸಾಲು ಹಾಕಿದೆ, ಕೆಳಗೆ ಏನೂ ಬರೆಯಲಿಲ್ಲ. ಮರುದಿನ ಬೆಳಗಿನ ಬಸ್ಸಿಗೇ ಸಾಗರಕ್ಕೆ ಹೋಗಿ ಬದಲಿಸಿ ಬಂದ.

ಕೊಪ್ಪದ ಪೋರ್ಟ್ 4 ಮಾತ್ರ ಇನ್ನೂ ಒಗಟು. ಮಳೆ ಬಂದ ರಾತ್ರಿ ಮೌನ, ಬಿಸಿಲು ಬಿದ್ದ ಎರಡು ದಿನಕ್ಕೆ ‘ಇದ್ದೀನಿ’. ಕೇಬಲ್ ಬದಲಿಸಿ ಆಯಿತು, ಪೋರ್ಟ್ ಬದಲಿಸಿ ಆಯಿತು. ಗೋಡೆಯ ಆ ಮೂಲೆ ತೇವ ಹಿಡಿದಿದೆ, ಸ್ವಿಚ್‌ನ ಸಾಕೆಟ್ ಒಳಗೆ ಹಸಿರು ಕಿಲುಬು ಇದ್ದ ಹಾಗಿತ್ತು. ಐಸೊಪ್ರೊಪೈಲ್ ಬಾಟಲಿ, ಹಳೇ ಹಲ್ಲುಜ್ಜುವ ಬ್ರಷ್ ಚೀಲದಲ್ಲಿ ಹಾಕಿಟ್ಟಿದ್ದೇನೆ. ಭಾನುವಾರ ಮಳೆ ಬಿಟ್ಟರೆ ಹೋಗುವುದು.